ಬೆನ್ನುಹುರಿ ಮುರಿದವಳಿಗೆ ಅಂಗಸಾಧನೆ ಏತಕ್ಕೆ?

ಅಂಗಸಾಧನೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗರಡಿಮನೆ, ಕೆಮ್ಮಣ್ಣು, ತೊಡೆ ತಟ್ಟುವ ಪೈಲ್ವಾನರು. ವ್ಯಾಯಾಮಶಾಲೆಯನ್ನೂ ನಡೆಸಿ ಕಾದಂಬರಿಗಳನ್ನೂ ಬರೆದ ಕೆ. ವಿ. ಅಯ್ಯರ್ ಅವರ ಊರು ನಮ್ಮದು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಈಗಲೂ ಜಿಮ್ಮುಗಳಿಗೆ ಕೊರತೆಯಿಲ್ಲ. ಆದರೆ ಸೊಂಟದ ಕೆಳಗೆ ಸ್ವಾಧೀನವಿಲ್ಲದ ಹೆಂಗಸೊಬ್ಬಳು ಅಲ್ಲಿ ಭಾರ ಎತ್ತುವುದನ್ನು ವಾಚಕರಲ್ಲಿ ಯಾರಾದರೂ ಕಂಡಿದ್ದೀರಾ? ನಾನು ಕಂಡಿಲ್ಲ. ಕಾಣಬೇಕೆಂಬುದೇ ನನ್ನ ವಾದ.

ನನ್ನ ದೊಡ್ಡಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಮೊದಲ ವರ್ಷದ ಫೀಜು ಅವರ ಕೂಲಿಯದು. ಆ ವರ್ಷವೇ ಬಾಂಡ್ಲಿ ಹೊತ್ತು ಸಾರವೆ ಹತ್ತುವಾಗ ಕಾಲು ಜಾರಿ ಬಿದ್ದರು. ಪ್ರಾಣ ಉಳಿಯಿತು, ಕಾಲು ಹೋದವು. ಆಸ್ಪತ್ರೆಯಲ್ಲಿ ದಿನವೂ ಒಬ್ಬಾಕೆ ಬಂದು ಕೈಕಾಲು ಆಡಿಸುತ್ತಿದ್ದರು. ಮನೆಗೆ ಬಂದ ಮೇಲೆ ಅದು ನಿಂತಿತು. ನಮ್ಮ ವಠಾರದವರು ಒಳ್ಳೆಯವರು. "ಪಾಪ, ಆಯಾಸ ಮಾಡಿಸಬೇಡಿ, ಮಲಗಿರಲಿ" ಎಂದರು. ನಾವೂ ಮಲಗಿಸಿಯೇ ಇಟ್ಟೆವು. ಮೂರನೆಯ ತಿಂಗಳಿಗೆ ಸೊಂಟದ ಹಿಂಭಾಗದಲ್ಲಿ ಹುಣ್ಣಾಯಿತು. ನಮ್ಮ ಕನಿಕರದಿಂದಲೇ ಆದ ಹುಣ್ಣು ಅದು.

ಬೆನ್ನುಹುರಿಗೆ ಪೆಟ್ಟಾದರೆ ನಡಿಗೆ ಮಾತ್ರ ಹೋಗುವುದಿಲ್ಲ. ಸ್ಪರ್ಶಜ್ಞಾನ ಹೋಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ಕಾಲಿನ ಮೂಳೆ ಸವೆಯುತ್ತದೆ, ಕೂತಲ್ಲೇ ಕೂತು ಹೃದ್ರೋಗ, ಸಕ್ಕರೆ ಕಾಯಿಲೆಗಳು ಹತ್ತಿರ ಬರುತ್ತವೆ. ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ ಮೈಯ ಭಾರವೆಲ್ಲ ಎರಡು ತೋಳುಗಳ ಮೇಲೆ. ಹೆಂಗಸರ ಭುಜಬಲ ಸಾಮಾನ್ಯವಾಗಿ ಗಂಡಸರಿಗಿಂತ ಕಡಿಮೆ. ಭುಜನೋವು ಬೇಗ ಕಾಡುತ್ತದೆ. ಹೀಗಿರುವಾಗ ಅಂಗಸಾಧನೆ ಅವಳಿಗೆ ಹೆಚ್ಚು ಬೇಕೋ, ಕಡಿಮೆ ಬೇಕೋ?

ಇದು ನನ್ನ ಕಲ್ಪನೆಯ ಮಾತಲ್ಲ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ, ಬೆನ್ನುಹುರಿ ಪೆಟ್ಟಾದ ವಯಸ್ಕರು ವಾರಕ್ಕೆ 2 ಸಲ, ಕನಿಷ್ಠ 20 ನಿಮಿಷ, ಉಸಿರು ಏರುವಂತೆ ವ್ಯಾಯಾಮ ಮಾಡಬೇಕು. ಜೊತೆಗೆ ಕೆಲಸ ಮಾಡುವ ಸ್ನಾಯುಗಳಿಗೆ ವಾರಕ್ಕೆ 2 ಸಲ ಭಾರದ ಸಾಧನೆ. ಹೃದಯದ ಆರೋಗ್ಯಕ್ಕಾದರೆ 30 ನಿಮಿಷದಂತೆ 3 ಸಲ. ಎಚ್ಚರಿಕೆಯೂ ಉಂಟು. ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಮೂತ್ರ ಕಟ್ಟಿದರೂ ರಕ್ತದೊತ್ತಡ ಹಠಾತ್ತನೆ ಏರಬಹುದು. ಆದ್ದರಿಂದ ಬಲ್ಲವರು ಕಲಿಸಬೇಕು.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಗುಟ್‌ಮನ್ 1948ರಲ್ಲಿ ಬಿಲ್ಲುಗಾರಿಕೆಯ ಪಂದ್ಯ ಏರ್ಪಡಿಸಿದಾಗ ಭಾಗವಹಿಸಿದ 16 ಮಂದಿಯಲ್ಲಿ 2 ಮಂದಿ ಹೆಂಗಸರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ ಅದೇ. ದೂರವೇಕೆ, ನೆರೆಯ ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಬೆನ್ನುಹುರಿ ಮುರಿದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿ ಪುನಶ್ಚೇತನ ಚಿಕಿತ್ಸೆಗೆ ಅಡಿಪಾಯ ಹಾಕಿದರು. ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ ಅವರನ್ನು ಕಟ್ಟಿಹಾಕಿದ್ದು ಬೆನ್ನುಹುರಿಯ ಪೆಟ್ಟಲ್ಲ, ಪೋಲಿಯೋ. ಆದರೂ ಗಾಲಿಕುರ್ಚಿಯಿಂದ ಗುಂಡು, ಈಟಿ ಎಸೆದು ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಸಭೆಗಳಲ್ಲಿ ಇಂಥ ಹೆಸರು ಹೇಳಿ ಚಪ್ಪಾಳೆ ತಟ್ಟುವುದು ನಮಗೆ ಸುಲಭ. ದೊಡ್ಡಮ್ಮನಿಗೆ ಪದಕ ಬೇಡ. ಯಾರನ್ನೂ ಕೂಗದೆ ಕಕ್ಕಸಿಗೆ ಹೋಗಿಬಂದರೆ ಸಾಕು.

ಮನೆ ಹತ್ತಿರದ ಜಿಮ್ಮೊಂದಕ್ಕೆ (ಹೆಸರು ಬೇಡ) ವಿಚಾರಿಸಲು ಹೋಗಿದ್ದೆ. ಬಾಗಿಲಿಗೆ ನಾಲ್ಕು ಮೆಟ್ಟಿಲು, ಒಳಗೆ ಕಲಿಸುವವರೆಲ್ಲ ಗಂಡಸರು. "ಮೊದಲು ವಾಸಿಯಾಗಲಿ, ಆಮೇಲೆ ಕರೆದುಕೊಂಡು ಬಾಮ್ಮ" ಎಂದರು. ವಾಸಿಯಾಗದ ಪೆಟ್ಟಿಗೇ ಅಲ್ಲವೆ ಸಾಧನೆ ಬೇಕಾದದ್ದು? ಮೂತ್ರದ ಚೀಲ ಕಟ್ಟಿಕೊಂಡವಳು ಅಪರಿಚಿತ ಗಂಡಸರೆದುರು ಸೀರೆ ಸರಿಪಡಿಸಿಕೊಳ್ಳುತ್ತ ಕೈಯೆತ್ತಲಾರಳೆಂಬುದನ್ನು ಅವರಿಗೆ ಹೇಳಲು ನನಗೂ ನಾಲಿಗೆ ಬರಲಿಲ್ಲ.

ಕಡೆಗೆ ಫಿಸಿಯೋಥೆರಪಿ ಕಲಿತ ಒಬ್ಬರು ಅಕ್ಕ ಮನೆಗೆ ಬಂದು ತೋರಿಸಿಕೊಟ್ಟರು. ಕಿಟಕಿಯ ಸರಳಿಗೆ ಕಟ್ಟಿದ ಸೈಕಲ್ ಟ್ಯೂಬು, ಮರಳು ತುಂಬಿದ ಎರಡು ಬಾಟಲಿ, ಗಳಿಗೆಗೊಮ್ಮೆ ತೋಳೂರಿ ಮೈಯೆತ್ತುವುದು. ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಈಗ ದೊಡ್ಡಮ್ಮ ಹಲಗೆಯ ಮೇಲೆ ಜಾರಿ ತಾವೇ ಕುರ್ಚಿಗೆ ಬರುತ್ತಾರೆ, ಹೂ ಕಟ್ಟುತ್ತಾರೆ. ಆದರೆ ಒಂಟಿಯಾಗಿ ಮಾಡುವ ಸಾಧನೆ ಬೇಸರ. ವಾರದಲ್ಲಿ ಎರಡು ದಿನ ತಪ್ಪುತ್ತದೆ.

ಇಂಥವರು ಸಂಖ್ಯೆಯಲ್ಲಿ ಎಷ್ಟು ಮಂದಿ ಎಂದು ಕೇಳುವಿರಿ. ಮನೆಯಿಂದ ಹೊರಗೆ ಬರಲಾರದವರನ್ನು ಬೀದಿಯಲ್ಲಿ ನಿಂತು ಎಣಿಸುವುದು ಹೇಗೆ? ನಮ್ಮ ಕಾಲೇಜಿನ ವ್ಯಾಯಾಮದ ಕೊಠಡಿ ಮಧ್ಯಾಹ್ನ ಖಾಲಿ ಇರುತ್ತದೆ. ವಾರಕ್ಕೆ ಎರಡು ಮಧ್ಯಾಹ್ನ ಅದನ್ನು ಹೆಂಗಸರಿಗೆಂದೇ ತೆರೆದು, ಫಿಸಿಯೋಥೆರಪಿ ಬಲ್ಲ ಒಬ್ಬಾಕೆಯನ್ನು ಕರೆಸಿ, ಕುರ್ಚಿ ತಳ್ಳಲು ನಾವು ವಿದ್ಯಾರ್ಥಿನಿಯರು ಸರದಿ ಹಾಕಿಕೊಳ್ಳಬಹುದು. ಈ ಮಾತು ತೆಗೆದಾಗ ದೊಡ್ಡಮ್ಮ, "ಅಲ್ಲ ಕಣೇ, ನಿನ್ನ ಕಾಲೇಜಿಗೆ ನಾನಾ?" ಎಂದು ನಕ್ಕರು. ಆಮೇಲೆ, ಯಾವ ವಾರ ಎಂದು ಕೇಳಿದರು.

ಕೊಠಡಿಗೆ ಎರಡೇ ಮೆಟ್ಟಿಲು. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಹಲಗೆಯದು ಮಾಡಿಕೊಡಲು ನಮ್ಮ ಬೀದಿಯ ಬಡಗಿ ಒಪ್ಪಿ, ಅಳತೆ ತರಲು ಹೇಳಿದ್ದಾರೆ. ಅಳತೆ ತೆಗೆಯಲು ದೈಹಿಕ ಶಿಕ್ಷಣದ ಅಧ್ಯಾಪಕರ ಅಪ್ಪಣೆಗಾಗಿ ಕಾದಿದ್ದೇನೆ.