‘ಬೆಲೆಬಾಳದ ವಸ್ತು’ವಿನ ಬೆಲೆ

2009ರ ಆಗಸ್ಟ್‌ನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸ್ ಉಗ್ರಾಣವೊಂದರ ಬಾಗಿಲು ತೆರೆದಾಗ, ಒಳಗೆ ಕಪಾಟುಗಳ ತುಂಬ ರಟ್ಟಿನ ಪೆಟ್ಟಿಗೆಗಳು ದೂಳು ಹಿಡಿದು ಕೂತಿದ್ದವು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ಆಸ್ಪತ್ರೆಯಲ್ಲಿ ತಾಸುಗಟ್ಟಲೆ ಪರೀಕ್ಷಿಸಿ ತೆಗೆದ ಕೂದಲು, ಹತ್ತಿಕಡ್ಡಿ, ಬಟ್ಟೆಯ ಚೂರುಗಳಿದ್ದ ಪೆಟ್ಟಿಗೆಗಳವು. ಎಣಿಸಿದಾಗ 11 ಸಾವಿರ ದಾಟಿದವು. ಕೆಲವು 1980ರ ದಶಕದವು. ಪೆಟ್ಟಿಗೆಗಳಲ್ಲಿ ಬಹುಪಾಲು ಪ್ರಯೋಗಾಲಯದ ಮುಖವನ್ನೇ ಕಂಡಿರಲಿಲ್ಲ.

ಹೀಗೇಕಾಯಿತು? ದುಡ್ಡಿರಲಿಲ್ಲ ಎಂಬುದು ಥಟ್ಟನೆ ಸಿಗುವ ಉತ್ತರ. ಅದು ಸುಳ್ಳೂ ಅಲ್ಲ. ಅಂಥ ಒಂದು ಪೆಟ್ಟಿಗೆಯ ಪರೀಕ್ಷೆಗೆ ಅಲ್ಲಿ ಸಾಮಾನ್ಯವಾಗಿ 1,000ದಿಂದ 1,500 ಡಾಲರ್ ಬೇಕಾಗುತ್ತಿತ್ತು. ನಗರದ ಪೊಲೀಸ್ ಪ್ರಯೋಗಾಲಯಕ್ಕೆ, ಬಂದೂಕು ಪರೀಕ್ಷೆಯ ವರದಿಗಳಲ್ಲಿ ತಪ್ಪುಗಳು ಸಿಕ್ಕಿದ್ದರಿಂದ, ಹಿಂದಿನ ವರ್ಷವೇ ಬೀಗ ಬಿದ್ದಿತ್ತು. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಆದರೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರೆಬೆಕಾ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಪೊಲೀಸ್ ಕಡತಗಳನ್ನು ಬಿಡಿಸಿ ನೋಡಿದಾಗ ಇನ್ನೊಂದು ಕಾರಣವೂ ಕಂಡಿತು. ದೂರು ಕೊಟ್ಟವಳ ಮಾತನ್ನೇ ಶಂಕಿಸುವ, ಅವಳ ನಡತೆಯನ್ನೇ ಅಳೆಯುವ ಷರಾಗಳು ಕಡತಗಳಲ್ಲಿದ್ದವು. ದುಡ್ಡು ಕಡಿಮೆಯಿದ್ದಾಗ ಯಾರ ಪೆಟ್ಟಿಗೆ ಕಪಾಟಿನಲ್ಲೇ ಉಳಿಯಬೇಕು ಎಂಬುದನ್ನು ಆ ಮನೋಭಾವ ತೀರ್ಮಾನಿಸಿತ್ತು.

ಹಳೆಯ ಪ್ರಕರಣಗಳ ಡಿಎನ್‌ಎ ಪರೀಕ್ಷೆಗೆ ಸರ್ಕಾರದ ಹಣ ಸುರಿಯುವುದರಲ್ಲಿ ಅಮೆರಿಕವನ್ನು ಮೀರಿಸುವ ದೇಶ ಸಿಗುವುದು ಕಷ್ಟ. 2004ರ ಡೆಬ್ಬಿ ಸ್ಮಿತ್ ಕಾಯ್ದೆ ಈ ಬಾಕಿ ಕರಗಿಸಲು ವರ್ಷಕ್ಕೆ 15.1 ಕೋಟಿ ಡಾಲರ್‌ವರೆಗೆ ವೆಚ್ಚಕ್ಕೆ ಅನುಮತಿ ಕೊಟ್ಟಿತು. 2015ರಲ್ಲಿ ಪರೀಕ್ಷೆಯಾಗದ ಪೆಟ್ಟಿಗೆಗಳಿಗೆಂದೇ ಪ್ರತ್ಯೇಕ ಯೋಜನೆ ಬಂತು. ಅದೇ ವರ್ಷ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಜಿಲ್ಲೆಯ ಸರ್ಕಾರಿ ವಕೀಲರ ಕಚೇರಿಯು, ಕಾನೂನು ಮುರಿದ ಬ್ಯಾಂಕುಗಳಿಂದ ವಸೂಲಾದ ಮೊತ್ತದಲ್ಲಿ ಸುಮಾರು 3.8 ಕೋಟಿ ಡಾಲರನ್ನು ಬೇರೆ ಬೇರೆ ರಾಜ್ಯಗಳ ಪೆಟ್ಟಿಗೆಗಳ ಪರೀಕ್ಷೆಗೆ ಹಂಚಿತು.

ಫಲ ಬಂತೇ? ಬಂತು. ಡೆಟ್ರಾಯಿಟ್ ಪೆಟ್ಟಿಗೆಗಳ ಪರೀಕ್ಷೆಯಿಂದ ಒಂದಕ್ಕಿಂತ ಹೆಚ್ಚು ಕೃತ್ಯ ಎಸಗಿದ 800ಕ್ಕೂ ಹೆಚ್ಚು ಮಂದಿಯ ಜಾಡು ಸಿಕ್ಕಿತು. ಒಂದು ಪೆಟ್ಟಿಗೆಯನ್ನು ಆಗಲೇ ಪರೀಕ್ಷಿಸಿದ್ದರೆ ಮುಂದಿನ ಕೃತ್ಯ ತಪ್ಪುತ್ತಿತ್ತು ಎಂಬುದು ಇದರ ಕಹಿ ಅರ್ಥ. ಕ್ಲೀವ್‌ಲ್ಯಾಂಡ್ ಇರುವ ಕ್ಯುಯಾಹೋಗ ಕೌಂಟಿಯ 4,300ಕ್ಕೂ ಹೆಚ್ಚು ಪೆಟ್ಟಿಗೆಗಳ ಲೆಕ್ಕ ಹಾಕಿದ ಸಂಶೋಧಕರು, ಮುಂದಾಗಬಹುದಾಗಿದ್ದ ಅಪರಾಧಗಳು ತಪ್ಪುವುದರಿಂದ ಖರ್ಚು ಕಳೆದು ಸುಮಾರು 3.9 ಕೋಟಿ ಡಾಲರ್ ಉಳಿತಾಯ ಎಂದು ಅಂದಾಜಿಸಿದರು.

ಆದರೆ ಇದೇ ಡೆಟ್ರಾಯಿಟ್‌ನಲ್ಲಿ ಶಿಕ್ಷೆಯ ಹಂತ ಮುಟ್ಟಿದ ಪ್ರಕರಣಗಳು ನೂರರ ಲೆಕ್ಕದಲ್ಲಿವೆ, ಸಾವಿರದ ಲೆಕ್ಕದಲ್ಲಿಲ್ಲ. ಯಂತ್ರ ಹೇಳುವುದು ಒಂದು ಹೆಸರನ್ನು ಮಾತ್ರ. ಆ ಹೆಸರಿನ ಮನುಷ್ಯನನ್ನು ಹುಡುಕಬೇಕು. ಇಪ್ಪತ್ತು ವರ್ಷದ ಹಿಂದಿನ ನೋವನ್ನು ಮರೆತು ಬದುಕಲು ಹೆಣಗಿದವಳ ಮನೆಯ ಬಾಗಿಲು ತಟ್ಟಬೇಕು. ತನಿಖಾಧಿಕಾರಿ ನಿವೃತ್ತರಾಗಿರುತ್ತಾರೆ, ಸಾಕ್ಷಿಗಳು ತೀರಿಕೊಂಡಿರುತ್ತಾರೆ. ಪ್ರಯೋಗಾಲಯಕ್ಕೆ ಮಾತ್ರ ಹಣ ಕೊಟ್ಟರೆ ಉಗ್ರಾಣದ ಬಾಕಿ ಠಾಣೆಯ ಬಾಕಿಯಾಗಿ ಬದಲಾಗುತ್ತದೆ, ಅಷ್ಟೆ. ಅದಕ್ಕೇ 2015ರ ಯೋಜನೆಯಲ್ಲಿ ಪರೀಕ್ಷೆಯ ಜೊತೆಗೆ ತನಿಖೆ, ವಿಚಾರಣೆ ಮತ್ತು ಸಂತ್ರಸ್ತರ ನೆರವಿಗೂ ಪಾಲಿಟ್ಟರು.

ಇದಕ್ಕಿಂತಲೂ ಹಿಂದಿನ ಒಂದು ಹಂತ ಬಜೆಟ್ ಬರೆಯುವವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಸಾಕ್ಷ್ಯವನ್ನು ಕಾಯುವುದು.

2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಗೋಲ್ಡನ್ ಸ್ಟೇಟ್ ಕಿಲ್ಲರ್’ ಜೋಸೆಫ್ ಡಿಏಂಜೆಲೊ ಬಂಧನವಾದಾಗ ಜಗತ್ತು ಬೆರಗಾದದ್ದು ತಂತ್ರಜ್ಞಾನಕ್ಕೆ. 1970–80ರ ದಶಕಗಳಲ್ಲಿ 13 ಕೊಲೆ, ಹತ್ತಾರು ಅತ್ಯಾಚಾರ ನಡೆಸಿದ್ದ ಈ ಮಾಜಿ ಪೊಲೀಸನ ಜಾಡು ಹಿಡಿದದ್ದು, ವಂಶವೃಕ್ಷ ಹುಡುಕುವ ಹವ್ಯಾಸಿಗಳ ಜಾಲತಾಣಕ್ಕೆ ಅವನ ದೂರದ ನೆಂಟರು ಹಾಕಿದ್ದ ಡಿಎನ್‌ಎ ವಿವರದಿಂದ. ಆದರೆ ಆ ಹುಡುಕಾಟಕ್ಕೆ ಬೇಕಿದ್ದ ಮಾದರಿ ಎಲ್ಲಿತ್ತು? ವೆಂಚುರಾ ಕೌಂಟಿಯಲ್ಲಿ 1980ರಲ್ಲಿ ನಡೆದ ಜೋಡಿ ಕೊಲೆಯ ಶವಪರೀಕ್ಷೆ ಮಾಡಿದ ವೈದ್ಯರು ಮಾದರಿಯನ್ನು ಎರಡು ಪ್ರತಿ ತೆಗೆದು, ಒಂದನ್ನು ಫ್ರೀಜರ್‌ನಲ್ಲಿ ಇರಿಸಿದ್ದರು. ಡಿಎನ್‌ಎ ಪರೀಕ್ಷೆ ಎಂಬುದು ಆಗ ಹುಟ್ಟಿಯೇ ಇರಲಿಲ್ಲ. ಬ್ರಿಟನ್ನಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಅದನ್ನು ಕಂಡುಕೊಂಡದ್ದು 1984ರಲ್ಲಿ. ಹುಟ್ಟದ ವಿಜ್ಞಾನಕ್ಕಾಗಿ ಆ ಪೊಟ್ಟಣ ಸುಮಾರು 38 ವರ್ಷ ತಣ್ಣಗೆ ಕಾದಿತ್ತು.

ಇನ್ನೊಂದು ಪೊಟ್ಟಣದ ಕಥೆ ಮೇರಿಲ್ಯಾಂಡ್‌ನದು. ಬಾಲಕಿಯೊಬ್ಬಳ ಅತ್ಯಾಚಾರ, ಕೊಲೆಯ ಆರೋಪದಲ್ಲಿ ಕರ್ಕ್ ಬ್ಲಡ್ಸ್‌ವರ್ತ್‌ಗೆ 1985ರಲ್ಲಿ ಮರಣದಂಡನೆಯಾಯಿತು. ಮರುವಿಚಾರಣೆಯಲ್ಲಿ ಅದು ಜೀವಾವಧಿಗೆ ಇಳಿಯಿತು. ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ಅವರು ಕೇಳಿದಾಗ ಸಾಕ್ಷ್ಯವೇ ನಾಶವಾಗಿದೆ ಎಂಬ ಉತ್ತರ ಬಂತು. ಕೊನೆಗೆ ಅದು ನ್ಯಾಯಾಧೀಶರ ಕೊಠಡಿಯಲ್ಲಿ, ಕಾಗದದ ಚೀಲವೊಂದರಲ್ಲಿ ಸಿಕ್ಕಿತು. 1993ರಲ್ಲಿ ಅವರು ನಿರಪರಾಧಿಯಾಗಿ ಹೊರಬಂದರು. ಅದೇ ಸಾಕ್ಷ್ಯ ಹತ್ತು ವರ್ಷದ ನಂತರ ನಿಜವಾದ ಕೊಲೆಗಾರನನ್ನೂ ತೋರಿಸಿತು. ಆತ ಬೇರೊಂದು ಅಪರಾಧಕ್ಕಾಗಿ ಬ್ಲಡ್ಸ್‌ವರ್ತ್ ಇದ್ದ ಜೈಲಿನಲ್ಲೇ ಇದ್ದ. 2004ರಲ್ಲಿ ಡೆಬ್ಬಿ ಸ್ಮಿತ್ ಕಾಯ್ದೆಯನ್ನು ಒಳಗೊಂಡ ಶಾಸನವೇ, ತಪ್ಪಾಗಿ ಜೈಲು ಸೇರಿದವರ ಡಿಎನ್‌ಎ ಪರೀಕ್ಷೆಗೂ ಬ್ಲಡ್ಸ್‌ವರ್ತ್ ಹೆಸರಿನಲ್ಲಿ ಅನುದಾನ ಇಟ್ಟಿತು. ಹಿಡಿಯಲು ಬಳಸುವ ವಿಜ್ಞಾನ ಬಿಡಿಸಲೂ ಇರಬೇಕು ಎಂಬ ತಿಳಿವಳಿಕೆ ಅದು.

ಈಗ ನಮ್ಮ ಅಂಗಳಕ್ಕೆ ಬರೋಣ. ಕೃತ್ಯ ನಡೆದದ್ದು ನಿಜ, ಆದರೆ ಮಾಡಿದವರು ಪತ್ತೆಯಾಗಿಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವುದನ್ನು ಕರ್ನಾಟಕದಲ್ಲಿ ‘ಸಿ ರಿಪೋರ್ಟ್’ ಎನ್ನುತ್ತಾರೆ. ಕೊಲೆ, ಅತ್ಯಾಚಾರಗಳ ವಿಚಾರಣೆಗೆ ನಮ್ಮ ಕಾನೂನಿನಲ್ಲಿ ಕಾಲಮಿತಿ ಇಲ್ಲ. ಹೊಸ ಸುಳಿವು ಸಿಕ್ಕರೆ ಮುಂದುವರಿದ ತನಿಖೆಗೆ ಅವಕಾಶವೂ ಇದೆ. ಕಾನೂನಿನ ಬಾಗಿಲು ತೆರೆದೇ ಇದೆ. ಒಳಗೆ ಒಯ್ಯಲು ಸಾಕ್ಷ್ಯ ಇದೆಯೇ ಎಂಬುದು ಪ್ರಶ್ನೆ.

ವಿಚಾರಣೆ ಮುಗಿದ ಪ್ರಕರಣಗಳ ತೀರ್ಪಿನ ಕೊನೆಯ ಸಾಲುಗಳನ್ನು ಓದಿ. ರಕ್ತದ ಕಲೆಯ ಅಂಗಿ, ಸೀರೆ, ಮಣ್ಣಿನ ಮಾದರಿ ಇವೆಲ್ಲ ಬೆಲೆಬಾಳದ ವಸ್ತುಗಳಾದ್ದರಿಂದ ಮೇಲ್ಮನವಿ ಅವಧಿ ಮುಗಿದ ಮೇಲೆ ನಾಶಪಡಿಸಬೇಕು ಎಂಬ ಒಕ್ಕಣೆ ಅಲ್ಲಿ ಪದೇ ಪದೇ ಸಿಗುತ್ತದೆ. ಚಿನ್ನದ ಸರ ವಾರಸುದಾರರಿಗೆ ಹೋಗುತ್ತದೆ, ಅಂಗಿ ಬೆಂಕಿಗೆ. ಆರೋಪಿ ಖುಲಾಸೆಯಾದಾಗಲೂ ಹೀಗೆಯೇ. ಹಾಗಾದರೆ ಕೊಂದವರು ಯಾರು ಎಂದು ಮುಂದೆ ಹೇಳಬಹುದಾಗಿದ್ದ ಏಕೈಕ ವಸ್ತು ಆ ಅಂಗಿಯೇ ಆಗಿರಬಹುದು.

ಅಲ್ಲಿಯವರೆಗೆ ಉಳಿದ ವಸ್ತುವಿನ ಗತಿಯೂ ಹೆಚ್ಚು ಭಿನ್ನವಲ್ಲ. ಒದ್ದೆ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಬೇಕು. ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ತೇವ ಒಳಗೇ ನಿಂತು ಬೂಷ್ಟು ಹಿಡಿದು ಡಿಎನ್‌ಎ ಮುರಿಯುತ್ತದೆ. ಅಂಗಾಂಶವನ್ನು ಫಾರ್ಮಾಲಿನ್‌ನಲ್ಲಿ ಮುಳುಗಿಸಿಟ್ಟರೂ ಅಷ್ಟೆ. ಠಾಣೆಯ ಮುದ್ದೆಮಾಲು ಕೋಣೆ ಸೋರಿದರೆ ಪ್ರಯೋಗಾಲಯದ ಯಾವ ಯಂತ್ರವೂ ಅದನ್ನು ಸರಿಪಡಿಸಲಾರದು.

ದೆಹಲಿಯ ಛಾವ್ಲಾ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಬಿಡುಗಡೆ ಮಾಡಿತು. ಅಲ್ಲಿ ಡಿಎನ್‌ಎ ವರದಿ ಇತ್ತು. ಆದರೆ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವ ಮುನ್ನ ಹತ್ತು ದಿನಕ್ಕೂ ಹೆಚ್ಚು ಕಾಲ ಠಾಣೆಯಲ್ಲೇ ಇದ್ದವು, ಕೈವಾಡದ ಸಾಧ್ಯತೆ ತಳ್ಳಿಹಾಕಲಾಗದು ಎಂದಿತು ಕೋರ್ಟ್. 2025ರ ಜುಲೈನಲ್ಲಿ ತಮಿಳುನಾಡಿನ ಜೋಡಿ ಕೊಲೆ ಪ್ರಕರಣವೊಂದರಲ್ಲಿ ಇಂಥದ್ದೇ ಲೋಪ ಕಂಡು, ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದಕ್ಕೆ ವಹಿ ಇಡಬೇಕು ಎಂದು ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು.

ಹಣ ಬರುತ್ತಿಲ್ಲವೆಂದಲ್ಲ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಕೇಂದ್ರ ಸಂಪುಟ ಅದೇ ವರ್ಷದ ಜೂನ್‌ನಲ್ಲಿ ₹2,254 ಕೋಟಿಯ ಯೋಜನೆ ಒಪ್ಪಿತು. ಆದರೆ ಅದರ ಹಣ ಹರಿಯುವುದು ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ, ಕೇಂದ್ರದ ಪ್ರಯೋಗಾಲಯಗಳಿಗೆ. ಧಾರವಾಡದ ಕ್ಯಾಂಪಸ್‌ನಿಂದ ತಜ್ಞರು ಹೊರಬರುವುದು ಒಳ್ಳೆಯದೇ. ಮಹಜರು ಬರೆಯುವ, ಲಕೋಟೆಗೆ ಅರಗು ಹಾಕುವ, ಅದನ್ನು ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ಯುವ ಕೆಲಸ ಮಾತ್ರ ಠಾಣೆಯದೇ. ಆ ಖರ್ಚು ರಾಜ್ಯದ್ದು.

ಹಾಗಾಗಿ ಕರ್ನಾಟಕ ಮೂರು ಕೆಲಸಗಳನ್ನು ಈ ಕ್ರಮದಲ್ಲೇ ಮಾಡಬೇಕು. ಒಂದು, ಜಿಲ್ಲೆಗೊಂದು ತೇವ ತಾಗದ, ತಣ್ಣನೆಯ ಸಾಕ್ಷ್ಯ ಭಂಡಾರ. ಸಿ ರಿಪೋರ್ಟ್ ಆದ ಅಥವಾ ಖುಲಾಸೆಯಲ್ಲಿ ಮುಗಿದ ಕೊಲೆ, ಅತ್ಯಾಚಾರ ಪ್ರಕರಣಗಳ ಜೈವಿಕ ಸಾಕ್ಷ್ಯವನ್ನು ನಾಶಪಡಿಸದಂತೆ ನಿಯಮ. ಎರಡು, ಉಳಿದಿರುವುದರ ಪಟ್ಟಿ. ಗುರುತು ಸಿಗದ ಶವಗಳ ಅಸಹಜ ಸಾವಿನ (ಯುಡಿಆರ್) ಪ್ರಕರಣಗಳೂ ಅದರಲ್ಲಿ ಸೇರಲಿ. ಮೂರು, ಪರೀಕ್ಷೆ, ಅದನ್ನು ಮುಂದಕ್ಕೆ ಒಯ್ಯುವ ತನಿಖಾ ತಂಡ, ಶಿಕ್ಷೆ ಅನುಭವಿಸುತ್ತಿರುವವರೂ ಅರ್ಜಿ ಹಾಕಬಹುದಾದ ಸೌಲಭ್ಯ.

ಸಿಕ್ಕ ಡಿಎನ್‌ಎಯನ್ನು ಯಾವುದರ ಜೊತೆ ಹೋಲಿಸುವುದು ಎಂಬ ಪ್ರಶ್ನೆ ಉಳಿಯುತ್ತದೆ. ಡಿಎನ್‌ಎ ವಿವರಗಳ ಕೋಶ ಕಟ್ಟಲು ತಂದಿದ್ದ ಮಸೂದೆಯನ್ನು ಕೇಂದ್ರ 2023ರಲ್ಲಿ ಹಿಂಪಡೆಯಿತು. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಮಾತ್ರ ಜೈವಿಕ ಮಾದರಿ ಪಡೆಯಲು, ದಾಖಲೆಯನ್ನು 75 ವರ್ಷ ಇಡಲು ಅವಕಾಶ ಕೊಟ್ಟಿದೆ. ಅಮೆರಿಕದ ನ್ಯಾಯಾಂಗ ಇಲಾಖೆ ವಂಶವೃಕ್ಷದ ಹುಡುಕಾಟವನ್ನು 2019ರಲ್ಲಿ ಘೋರ ಅಪರಾಧಗಳಿಗೆ, ಅದೂ ಬೇರೆ ದಾರಿ ಮುಚ್ಚಿದಾಗ ಎಂದು ಮಿತಿಗೊಳಿಸಿತು. ಅಂಥ ಲಗಾಮಿಲ್ಲದೆ ದತ್ತಾಂಶ ಗುಡ್ಡೆ ಹಾಕುವುದು ಸಲ್ಲದು.

ಆ ಚರ್ಚೆ ವರ್ಷಗಟ್ಟಲೆ ನಡೆಯಲಿ, ನಡೆಯಬೇಕು. ಲಕೋಟೆ ಅಷ್ಟು ದಿನ ಕಾಯುವುದಿಲ್ಲ. ವೆಂಚುರಾದ ಫ್ರೀಜರ್, ಮೇರಿಲ್ಯಾಂಡ್ ನ್ಯಾಯಾಧೀಶರ ಕೊಠಡಿಯ ಚೀಲ ಎರಡೂ ಅದೃಷ್ಟದಿಂದ ಉಳಿದವು. ನಮ್ಮಲ್ಲಿ ಈ ಮಳೆಗಾಲಕ್ಕೆ ಇನ್ನಷ್ಟು ಲಕೋಟೆಗಳು ನೆನೆಯುತ್ತವೆ, ಇನ್ನಷ್ಟು ಅಂಗಿಗಳು ಬೆಲೆಬಾಳದ ವಸ್ತುಗಳ ಪಟ್ಟಿ ಸೇರುತ್ತವೆ. ಮುಂದಿನ ಬಜೆಟ್‌ನ ಮೊದಲ ರೂಪಾಯಿ ಅವುಗಳ ಮೇಲಿನ ಸೂರಿಗೆ ಸಲ್ಲಲಿ.