ಮಿನಿಡೋಕಾದ ಬಯಲು ಮತ್ತು ನೆನಪಿನ ಮೇರೆ

ಅಮೆರಿಕದ ಐಡಹೋ ರಾಜ್ಯದ ದಕ್ಷಿಣ ಭಾಗದಲ್ಲಿ ಮಿನಿಡೋಕಾ ಎಂಬ ರಾಷ್ಟ್ರೀಯ ಸ್ಮಾರಕವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸರ್ಕಾರ ತನ್ನದೇ ಪ್ರಜೆಗಳನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿದ ಜಾಗ ಅದು. ಅದರ ಎದುರಿನ ಬಯಲಿನಲ್ಲಿ ನೂರಾರು ಗಾಳಿಯಂತ್ರಗಳನ್ನು ನಿಲ್ಲಿಸುವ ಯೋಜನೆಗೆ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಎಂಟೇ ತಿಂಗಳಲ್ಲಿ, 2025ರ ಆಗಸ್ಟಿನಲ್ಲಿ, ಹೊಸ ಸರ್ಕಾರ ಆ ಒಪ್ಪಿಗೆಯನ್ನು ರದ್ದುಪಡಿಸಿತು. ಸ್ಮಾರಕ ಉಳಿಯಿತೆಂದು ಹಲವರು ಸಮಾಧಾನಪಟ್ಟರು. ಅದು ಉಳಿದ ಬಗೆಯನ್ನು ನೋಡಿದರೆ ಸಮಾಧಾನಪಡಲು ಹೆಚ್ಚಿನ ಕಾರಣವಿಲ್ಲ ಎಂಬುದು ನನ್ನ ಅಭಿಪ್ರಾಯ.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ನಡೆಯಿತು. ಎರಡೂವರೆ ತಿಂಗಳೊಳಗೆ, 1942ರ ಫೆಬ್ರುವರಿ 19ರಂದು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 9066ನೇ ಸಂಖ್ಯೆಯ ಆಜ್ಞೆಗೆ ಸಹಿ ಹಾಕಿದರು. ಆ ಆಜ್ಞೆಯಲ್ಲಿ ಜಪಾನೀಯರು ಎಂಬ ಮಾತೇ ಇಲ್ಲ. ಸೇನೆ ಗುರುತಿಸಿದ ವಲಯಗಳಿಂದ ಯಾರನ್ನು ಬೇಕಾದರೂ ಹೊರಹಾಕಬಹುದು ಎಂದಷ್ಟೇ ಇದೆ. ಜಾರಿಗೆ ಬಂದಾಗ ಮಾತ್ರ ಪಶ್ಚಿಮ ಕರಾವಳಿಯ ಸುಮಾರು 1,20,000 ಮಂದಿ ಜಪಾನಿ ಮೂಲದವರು ಮನೆ, ಅಂಗಡಿ, ಹೊಲಗಳನ್ನು ಬಿಟ್ಟು ಕೈಯಲ್ಲಿ ಹಿಡಿಸುವಷ್ಟು ಸಾಮಾನಿನೊಂದಿಗೆ ಹೊರಡಬೇಕಾಯಿತು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಜಪಾನಿನಿಂದ ವಲಸೆ ಬಂದಿದ್ದ ಹಿರಿಯರಿಗೆ ಪೌರತ್ವ ಪಡೆಯುವ ಹಕ್ಕನ್ನು ಅಲ್ಲಿನ ಕಾನೂನು 1952ರವರೆಗೂ ಕೊಟ್ಟಿರಲಿಲ್ಲ. ಪ್ರಜೆಗಳಲ್ಲ ಎಂದು ಅವರನ್ನು ಶಂಕಿಸಿದವರು ಈ ಸಂಗತಿಯನ್ನು ಜಾಣತನದಿಂದ ಮರೆತಿದ್ದರು.

ಹೀಗೆ ಹೊರಟವರಿಗಾಗಿ ಕಟ್ಟಿದ ಹತ್ತು ದೊಡ್ಡ ಶಿಬಿರಗಳಲ್ಲಿ ಮಿನಿಡೋಕಾ ಒಂದು. 1942ರ ಆಗಸ್ಟಿನಿಂದ 1945ರ ಅಕ್ಟೋಬರಿನವರೆಗೆ ಸಿಯಾಟಲ್ ಮತ್ತು ಪೋರ್ಟ್‌ಲ್ಯಾಂಡ್ ಕಡೆಯ ಸುಮಾರು 13 ಸಾವಿರ ಜನ ಇಲ್ಲಿ ಬಂಧನದಲ್ಲಿದ್ದರು. ಪೋರ್ಟ್‌ಲ್ಯಾಂಡಿನವರನ್ನು ಇಲ್ಲಿಗೆ ತರುವ ಮೊದಲು ಇರಿಸಿದ್ದು ಜಾನುವಾರು ಪ್ರದರ್ಶನಕ್ಕೆಂದು ಕಟ್ಟಿದ ಕಟ್ಟಡದಲ್ಲಿ. ಹಸಿರು ಕರಾವಳಿಯಲ್ಲಿ ಬೆಳೆದವರು ರೈಲಿಳಿದು ಕಂಡದ್ದು ಕಪ್ಪು ಲಾವಾ ಕಲ್ಲು, ಬೂದುಬಣ್ಣದ ಕುರುಚಲು ಗಿಡ, ಮೈಮುಖವನ್ನೆಲ್ಲ ಮುಚ್ಚುವ ಧೂಳು. ಟಾರು ಕಾಗದ ಹೊದಿಸಿದ ಬ್ಯಾರಕ್ಕಿನ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಆ ಬಯಲಿನಲ್ಲಿ ಅವರು ಕುರುಚಲು ಕಡಿದು ಹೊಲ ಮಾಡಿದರು, ಶಾಲೆ ನಡೆಸಿದರು, ಬೇಸ್‌ಬಾಲ್ ಆಡಿದರು. ಇದೇ ಶಿಬಿರದ ಸುಮಾರು ಒಂದು ಸಾವಿರ ಮಂದಿ ಅಮೆರಿಕದ ಸೇನೆಗೆ ಸೇರಿದರು. ಅವರ ಹೆಸರುಗಳನ್ನು ಬರೆದ ದೊಡ್ಡ ಗೌರವ ಫಲಕವೊಂದು ಶಿಬಿರದ ಪ್ರವೇಶದ್ವಾರದ ಬಳಿ ನಿಂತಿತ್ತು. ಮಗನ ಹೆಸರು ಫಲಕದ ಮೇಲೆ, ತಾಯಿ ತಂದೆ ಕಾವಲು ಗೋಪುರದ ಕೆಳಗೆ.

ಯುದ್ಧ ಮುಗಿದ ಮೇಲೆ ಸರ್ಕಾರ ಆ ಭೂಮಿಯ ಬಹುಪಾಲನ್ನು ಯುದ್ಧದಿಂದ ಮರಳಿದ ಸೈನಿಕರಿಗೆ ಚೀಟಿ ಎತ್ತಿ ಹಂಚಿತು. ಭೂಮಿಯ ಜೊತೆಗೆ ಬ್ಯಾರಕ್ಕುಗಳನ್ನೂ ಕೊಟ್ಟಿತು. ಅವು ಕೊಟ್ಟಿಗೆಗಳಾಗಿ, ಉಗ್ರಾಣಗಳಾಗಿ ಸುತ್ತಲಿನ ತೋಟದ ಮನೆಗಳಲ್ಲಿ ಚದುರಿಹೋದವು. ಹೀಗಾಗಿ 33 ಸಾವಿರ ಎಕರೆಯ ಶಿಬಿರದಲ್ಲಿ, 2001ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸುವ ಹೊತ್ತಿಗೆ, ಸ್ಮಾರಕದ ಪಾಲಿಗೆ ಬಂದದ್ದು ಕೇವಲ 73 ಎಕರೆಯಷ್ಟು. ಆಮೇಲೆ ಸ್ವಲ್ಪ ಜಾಗ ಸೇರಿತು. ಒಂದು ಕಾವಲು ಗೋಪುರವನ್ನೂ ಗೌರವ ಫಲಕವನ್ನೂ ಹಳೆಯ ಮಾದರಿಯಲ್ಲಿ ಮತ್ತೆ ಕಟ್ಟಿದರು. 2003ರಿಂದ ಬಂದಿಗಳಾಗಿದ್ದವರೂ ಅವರ ಮಕ್ಕಳು, ಮೊಮ್ಮಕ್ಕಳೂ ಅಲ್ಲಿಗೆ ಯಾತ್ರೆ ಹೋಗುತ್ತ ಬಂದಿದ್ದಾರೆ.

ಕಟ್ಟಡಗಳು ಉಳಿಯದ ಸ್ಮಾರಕದಲ್ಲಿ ಸಾಕ್ಷಿ ಹೇಳುವುದು ಏನು? ಆ ಬಯಲೇ. ನಾಲ್ಕೂ ದಿಕ್ಕಿಗೆ ದೃಷ್ಟಿ ಹಾಯುವಷ್ಟು ದೂರ ಏನೂ ಇಲ್ಲದಿರುವುದು, ಓಡಿದರೂ ಸೇರಲು ಒಂದು ಊರು ಕಾಣದಿರುವುದು. ಆ ಜಾಗವನ್ನು ಶಿಬಿರಕ್ಕೆ ಆರಿಸಿದ್ದಕ್ಕೆ ಈ ನಿರ್ಜನತೆಯೂ ಒಂದು ಕಾರಣ. ಮುಳ್ಳುತಂತಿ ನೆಪ ಮಾತ್ರ. ನಿಜವಾದ ಗೋಡೆ ಆ ಶೂನ್ಯವೇ ಆಗಿತ್ತು ಎಂಬುದು ಅಲ್ಲಿ ನಿಂತವರಿಗೆ ಯಾರೂ ಹೇಳದೆ ಅರ್ಥವಾಗಬೇಕು.

ಲಾವಾ ರಿಡ್ಜ್ ಎಂಬ ಪವನ ವಿದ್ಯುತ್ ಯೋಜನೆ ಕೈ ಹಾಕಿದ್ದು ಈ ಶೂನ್ಯಕ್ಕೆ. ನ್ಯೂಯಾರ್ಕಿನ ಎಲ್ಎಸ್ ಪವರ್ ಸಂಸ್ಥೆಯ ಅಂಗವಾದ ಮ್ಯಾಜಿಕ್ ವ್ಯಾಲಿ ಎನರ್ಜಿ ಮೊದಲು ಮುಂದಿಟ್ಟ ಪ್ರಸ್ತಾಪದಲ್ಲಿ ಗರಿಷ್ಠ 400 ಗಾಳಿಯಂತ್ರಗಳಿದ್ದವು. ರೆಕ್ಕೆಯ ತುದಿಯವರೆಗಿನ ಎತ್ತರ 740 ಅಡಿಯವರೆಗೆ, ಅಂದರೆ ನಮ್ಮ ಕುತುಬ್ ಮಿನಾರಿನ ಮೂರರಷ್ಟು. 2022ರಲ್ಲಿ ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಸಂಸ್ಥೆ ದೇಶದ ಅತ್ಯಂತ ಅಪಾಯದಲ್ಲಿರುವ ಹನ್ನೊಂದು ಪಾರಂಪರಿಕ ತಾಣಗಳ ಪಟ್ಟಿಗೆ ಮಿನಿಡೋಕಾವನ್ನು ಸೇರಿಸಿತು. ಅದೇ ಪಟ್ಟಿಯಲ್ಲಿ ಮಿನಿಡೋಕಾ 2007ರಲ್ಲೂ ಇತ್ತು. ಆಗ ಬಂದಿದ್ದ ಅಪಾಯ ಸಾವಿರಾರು ದನಗಳನ್ನು ಕೂಡಿ ಸಾಕುವ ಬೃಹತ್ ಉದ್ಯಮದ್ದು. ಬಯಲು ಖಾಲಿ ಇದ್ದರೆ ಯಾರಾದರೊಬ್ಬರ ಕಣ್ಣು ಬಿದ್ದೇ ಬೀಳುತ್ತದೆ.

ಬದುಕುಳಿದವರೂ ಅವರ ವಂಶಸ್ಥರೂ ವಿರೋಧಿಸಿದರು. ಸುತ್ತಲಿನ ರೈತರು, ದನಗಾಹಿಗಳು, ರಾಜ್ಯದ ಶಾಸಕರು ತಮ್ಮ ತಮ್ಮ ಕಾರಣಗಳಿಗಾಗಿ ದನಿಗೂಡಿಸಿದರು. ಪರಿಣಾಮವಾಗಿ ಯಂತ್ರಗಳ ಸಂಖ್ಯೆ 231ಕ್ಕೆ ಇಳಿಯಿತು, ಎತ್ತರ 660 ಅಡಿಗೆ ಕುಗ್ಗಿತು, ತೀರ ಹತ್ತಿರದ ಯಂತ್ರವನ್ನು ಸ್ಮಾರಕದಿಂದ ಒಂಬತ್ತು ಮೈಲಿಯಾಚೆಗೆ ಸರಿಸಲಾಯಿತು. ಅಧಿಕಾರಿಗಳು ಶ್ರಮಪಟ್ಟಿಲ್ಲ ಎನ್ನಲಾಗದು. ಆದರೆ ಬಯಲುಸೀಮೆಯ ತಿಳಿ ಆಕಾಶದಡಿ ಒಂಬತ್ತು ಮೈಲಿ ದೊಡ್ಡ ದೂರವೇನಲ್ಲ. ರಾತ್ರಿ ವಿಮಾನಗಳಿಗೆ ಎಚ್ಚರಿಕೆಯಾಗಿ ಉರಿಯುವ ಕೆಂಪು ದೀಪಗಳ ಮಾತು ಬೇರೆಯೇ.

ನಮ್ಮಲ್ಲಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ಕಾನೂನೇ ಅಳತೆ ಹಾಕಿ ಹೇಳುತ್ತದೆ. ಅಮೆರಿಕದ 1966ರ ಪಾರಂಪರಿಕ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಗೆರೆ ಇಲ್ಲ. ಸ್ಮಾರಕದ ಮೇಲಾಗುವ ಪರಿಣಾಮವನ್ನು ಸರ್ಕಾರ ಪರಿಗಣಿಸಬೇಕು, ಸಂಬಂಧಪಟ್ಟವರೊಡನೆ ಸಮಾಲೋಚಿಸಬೇಕು ಎಂದಿದೆ. ಪರಿಗಣಿಸಿ, ಸಮಾಲೋಚಿಸಿ, ಆಮೇಲೂ ಒಪ್ಪಿಗೆ ಕೊಡುವುದಕ್ಕೆ ಅಡ್ಡಿಯಿಲ್ಲ. ಇನ್ನೊಂದು ವಿಚಿತ್ರವೆಂದರೆ, ಸ್ಮಾರಕವನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನ ಸೇವೆಯೂ ಗಾಳಿಯಂತ್ರಗಳಿಗೆ ಜಾಗ ಕೊಡಲು ಹೊರಟ ಭೂ ನಿರ್ವಹಣಾ ಇಲಾಖೆಯೂ ಒಂದೇ ಆಂತರಿಕ ಸಚಿವಾಲಯದ ಎರಡು ಕೈಗಳು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಭೂಮಿ ಕಾಯುತ್ತಿದೆ, ಕಲ್ಲಿದ್ದಲನ್ನು ಬಿಡಬೇಕು, ಸಾವಿರ ಮೆಗಾವಾಟಿನಷ್ಟು ಶುದ್ಧ ವಿದ್ಯುತ್ತನ್ನು ಹಳೆಯ ನೋವಿನ ಹೆಸರಿನಲ್ಲಿ ಬೇಡವೆನ್ನಬಹುದೆ? ಈ ಪ್ರಶ್ನೆ ಕೇಳುವವರನ್ನು ನಾನು ಹೃದಯಹೀನರೆಂದು ತಿಳಿಯುವುದಿಲ್ಲ. ಚಿತ್ರದುರ್ಗ, ಗದಗ ಸೀಮೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡಾಗ ನನಗೆ ಸಂತೋಷವೇ ಆಗುತ್ತದೆ. ಆದರೆ ಭೂ ನಿರ್ವಹಣಾ ಇಲಾಖೆಯ ವಶದಲ್ಲಿರುವುದು ಸುಮಾರು 24 ಕೋಟಿ ಎಕರೆ ಭೂಮಿ. ಗಾಳಿ ಮಿನಿಡೋಕಾದಲ್ಲಿ ಮಾತ್ರ ಬೀಸುವುದಿಲ್ಲ. ಯಂತ್ರವನ್ನು ಬೇರೆ ಕಡೆ ನಿಲ್ಲಿಸಬಹುದು, 13 ಸಾವಿರ ಜನ ಬಂಧನದಲ್ಲಿದ್ದ ಜಾಗವನ್ನು ಬೇರೆ ಕಡೆಗೆ ಒಯ್ಯಲಾಗದು. ನೂರಾರು ಯಂತ್ರಗಳೂ ರಸ್ತೆಗಳೂ ತಂತಿಗಳೂ ಸೇರಿದಾಗ ಅದು ಉದ್ಯಮದ ಅಂಗಳ. ಅಲ್ಲಿಂದ ಬರುವ ವಿದ್ಯುತ್ತು ಶುದ್ಧವೆಂಬುದರಿಂದ ಅಂಗಳ ಅಂಗಳವಲ್ಲದೆ ಹೋಗುವುದಿಲ್ಲ.

ಇನ್ನು ಯೋಜನೆ ರದ್ದಾದ ಬಗೆ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಟ್ರಂಪ್ ಲಾವಾ ರಿಡ್ಜ್ ಹೆಸರೆತ್ತಿ ಅದಕ್ಕೆ ತಡೆ ಹಾಕಿದರು. ಆದರೆ ಅದೇ ಆದೇಶ ದೇಶದಾದ್ಯಂತ ಪವನ ವಿದ್ಯುತ್ತಿಗೇ ಕಡಿವಾಣ ಹಾಕುವಂಥದ್ದು. ಗಾಳಿಯಂತ್ರಗಳ ಬಗ್ಗೆ ಅವರಿಗಿರುವ ಅಸಹನೆ ಲೋಕಕ್ಕೆಲ್ಲ ಗೊತ್ತಿದೆ. ಮಿನಿಡೋಕಾದ ನೆನಪಿಗೆ ಗೌರವ ಸಲ್ಲಿಸಲು ಹೊರಟವರು ಮಾಡಿದ ಕೆಲಸ ಇದಾಗಿದ್ದರೆ, ಅದೇ ಮಾರ್ಚ್ ತಿಂಗಳಲ್ಲಿ 1798ರ ಶತ್ರುದೇಶೀಯರ ಕಾಯ್ದೆಯನ್ನು ಧೂಳು ಕೊಡವಿ ಹೊರತೆಗೆಯುತ್ತಿರಲಿಲ್ಲ. ಪರ್ಲ್ ಹಾರ್ಬರ್ ದಾಳಿಯ ಮರುಕ್ಷಣವೇ ಜಪಾನಿ ವಲಸಿಗರನ್ನು ಹಿಡಿಯಲು ಬಳಸಿದ್ದು ಅದೇ ಕಾಯ್ದೆ. 2025ರಲ್ಲಿ ಅದನ್ನು ವೆನೆಜುವೆಲಾದವರ ಮೇಲೆ ಪ್ರಯೋಗಿಸಲಾಯಿತು. ಅದೇ ವರ್ಷ ಆಂತರಿಕ ಸಚಿವಾಲಯ ತನ್ನ ಉದ್ಯಾನಗಳಲ್ಲೂ ಸ್ಮಾರಕಗಳಲ್ಲೂ ಫಲಕಗಳನ್ನು ಹಾಕಿ, ಅಮೆರಿಕನ್ನರನ್ನು ಕೆಟ್ಟದಾಗಿ ಬಿಂಬಿಸುವ ಬರಹವೇನಾದರೂ ಕಂಡರೆ ತಿಳಿಸಿ ಎಂದು ಸಂದರ್ಶಕರನ್ನು ಕೋರಿತು. ಬಯಲಿನ ನೋಟ ಉಳಿಯಿತು, ಆ ನೋಟದ ಅರ್ಥ ಹೇಳುವ ಫಲಕದ ಮೇಲೆ ಸಂಶಯದ ಕಣ್ಣು ಬಿತ್ತು. ಜನಾಂಗದ್ವೇಷ, ಯುದ್ಧದ ಉನ್ಮಾದ, ನಾಯಕರ ವೈಫಲ್ಯ ಇವುಗಳಿಂದಲೇ ಆ ಅನ್ಯಾಯ ನಡೆಯಿತೆಂದು ಅಲ್ಲಿನ ಸಂಸತ್ತು ನೇಮಿಸಿದ ಆಯೋಗವೇ 1983ರಲ್ಲಿ ನಿರ್ಣಯಿಸಿತ್ತು. ರೊನಾಲ್ಡ್ ರೇಗನ್ 1988ರಲ್ಲಿ ಸಹಿ ಹಾಕಿದ ಕಾಯ್ದೆ ಕ್ಷಮೆ ಕೇಳಿ, ಆಗ ಬದುಕಿದ್ದ ಪ್ರತಿಯೊಬ್ಬರಿಗೂ 20 ಸಾವಿರ ಡಾಲರ್ ಪರಿಹಾರ ಗೊತ್ತುಮಾಡಿತ್ತು.

ಒಮ್ಮೆ ಉದ್ಯಮ ಬಂದು ಕೂತರೆ ಎಬ್ಬಿಸುವುದು ಎಷ್ಟು ಕಷ್ಟವೆಂಬುದಕ್ಕೆ ಯುರೋಪಿನಲ್ಲಿ ಒಂದು ಉದಾಹರಣೆಯಿದೆ. ಜೆಕ್ ದೇಶದ ಲೆಟಿ ಎಂಬಲ್ಲಿ ನಾಜಿ ಆಕ್ರಮಣದ ಕಾಲದಲ್ಲಿ ರೋಮಾ ಜನರ ಸೆರೆಶಿಬಿರವಿತ್ತು. ಮುನ್ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು, ಬಹಳಷ್ಟು ಮಕ್ಕಳೇ. ಐನೂರಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಆಶ್ವಿಟ್ಜ್‌ಗೆ ಸಾಗಿಸಲಾಯಿತು. 1970ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಆ ನೆಲದ ಮೇಲೆ ದೊಡ್ಡ ಹಂದಿ ಸಾಕಣೆ ಕೇಂದ್ರ ಕಟ್ಟಿತು. ಕಮ್ಯುನಿಸ್ಟರು ಹೋದರು, ಹಂದಿಗಳು ಹೋಗಲಿಲ್ಲ. ತೆರವುಗೊಳಿಸಬೇಕೆಂದು 2005ರಲ್ಲಿ ಯುರೋಪಿನ ಸಂಸತ್ತೇ ಕೇಳಿಕೊಂಡಿತು. ದುಡ್ಡಿಲ್ಲ ಎಂಬುದು ಹತ್ತಾರು ವರ್ಷ ಕೇಳಿಬಂದ ಉತ್ತರ. ಕೊನೆಗೆ 2017ರಲ್ಲಿ ಸುಮಾರು 45 ಕೋಟಿ ಕೊರುನಾ ಕೊಟ್ಟು ಕೊಳ್ಳಲು ಸರ್ಕಾರ ಒಪ್ಪಿ, 2022ರಲ್ಲಿ ಕೆಡವಲು ಆರಂಭಿಸಿ, 2024ರಲ್ಲಿ ಸ್ಮಾರಕವನ್ನು ತೆರೆಯಿತು. ಅಷ್ಟರಲ್ಲಿ ಅದನ್ನು ನೋಡಬೇಕಾಗಿದ್ದವರಲ್ಲಿ ಎಷ್ಟು ಮಂದಿ ಉಳಿದಿದ್ದರು?

ದೂರದ ಐಡಹೋಗೂ ನಮಗೂ ಏನು ಸಂಬಂಧ ಎನ್ನುವವರು ರಾಜಸ್ಥಾನದ ದೇವಳಿಯನ್ನು ನೆನೆಯಬೇಕು. ಬ್ರಿಟಿಷರು ಜಯಪ್ರಕಾಶ ನಾರಾಯಣರಂಥವರನ್ನು ಕೂಡಿಹಾಕಿದ್ದ ಬಂಧನ ಶಿಬಿರ ಅದು. 1962ರ ಚೀನಾ ಯುದ್ಧ ಬಂದಾಗ ಸ್ವತಂತ್ರ ಭಾರತ ಅಸ್ಸಾಮಿನಿಂದಲೂ ಡಾರ್ಜಿಲಿಂಗ್ ಬೆಟ್ಟಗಳಿಂದಲೂ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ಹಿಡಿದು, ದಿನಗಟ್ಟಲೆ ರೈಲಿನಲ್ಲಿ ಕೂರಿಸಿ ಅಲ್ಲಿಗೆ ಕಳಿಸಿತು. ಅಜ್ಜ ಯಾವ ದೇಶದವನು ಎಂದು ನೋಡಿ ಮೊಮ್ಮಗನನ್ನು ಬಂಧಿಸಲು ಕಾನೂನನ್ನೇ ತಿದ್ದಲಾಗಿತ್ತು. ಕೆಲವರು ಐದು ವರ್ಷದವರೆಗೂ ಅಲ್ಲಿದ್ದರು. ಹಲವರು ಬಿಡುಗಡೆಯ ಬಳಿಕ ಕೆನಡಾ ಸೇರಿದರು. ರೀಟಾ ಚೌಧುರಿಯವರ ಅಸ್ಸಾಮಿ ಕಾದಂಬರಿ ‘ಮಾಕಾಮ್’ 2010ರಲ್ಲಿ ಬರುವವರೆಗೆ ಈ ಸಂಗತಿ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ. ಅವರು ಕೇಳುತ್ತಿರುವ ಕ್ಷಮೆಯ ಮಾತು ಇದುವರೆಗೆ ದೆಹಲಿಯಿಂದ ಬಂದಿಲ್ಲ. ಆದ್ದರಿಂದ ಅಮೆರಿಕಕ್ಕೆ ಬುದ್ಧಿ ಹೇಳುವ ಎತ್ತರದಲ್ಲಿ ನಾವಿಲ್ಲ. ಅವರು ಮಾಡಿದ್ದನ್ನು ನೋಡಿ ಕಲಿಯುವ, ಅದು ಅಳಿಯದಿರಲಿ ಎಂದು ಬಯಸುವ ಅಗತ್ಯ ಮಾತ್ರ ನಮಗಿದೆ.

ಮಿನಿಡೋಕಾಕ್ಕೆ ಈಗ ಬೇಕಾಗಿರುವುದು ಅಧ್ಯಕ್ಷರು ಬದಲಾದಾಗಲೂ ಬದಲಾಗದ ಒಂದು ಗೆರೆ. ಸ್ಮಾರಕದಿಂದ ಕಾಣುವಷ್ಟು ಸಾರ್ವಜನಿಕ ಭೂಮಿಯನ್ನು ಉದ್ಯಮದ ಗುತ್ತಿಗೆಯಿಂದ ಶಾಶ್ವತವಾಗಿ ಹೊರಗಿಡುವ ಕಾನೂನನ್ನು ಅಲ್ಲಿನ ಸಂಸತ್ತು ಮಾಡಬೇಕು. ಗಾಳಿಯಂತ್ರಕ್ಕೆ ಅನ್ವಯಿಸಿದ ನಿಷೇಧ ಗಣಿಗೂ ದನದ ಉದ್ಯಮಕ್ಕೂ ಅನ್ವಯಿಸಬೇಕು. ದನಗಾಹಿಗಳು ಹಿಂದಿನಿಂದ ಮೇಯಿಸಿಕೊಂಡು ಬಂದದ್ದಕ್ಕೆ ಇದರಿಂದ ತೊಂದರೆಯಿಲ್ಲ. ಅವರೂ ಬಯಲು ಬಯಲಾಗಿಯೇ ಇರಲಿ ಎಂದು ಕೇಳಿದವರೇ. ಭೂಮಿ ಇನ್ನೂ ಸರ್ಕಾರದ ಕೈಯಲ್ಲೇ ಇರುವುದರಿಂದ ಲೆಟಿಯಲ್ಲಿ ಕೊಟ್ಟಂತೆ ಕೋಟಿಗಟ್ಟಲೆ ಕೊಟ್ಟು ಕೊಳ್ಳಬೇಕಾದ ಪ್ರಮೇಯವೂ ಇಲ್ಲ. ಶಿಬಿರದಲ್ಲಿ ಹುಟ್ಟಿದ ಕೂಸುಗಳಿಗೇ ಈಗ ಎಂಬತ್ತು ದಾಟಿದೆ.