ಮೂರು ದಿನಗಳ ನ್ಯಾಯ

ನಾನು ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ತಂದೆಯವರ ಉಳಿತಾಯ ಖಾತೆಯಿಂದ ಅವರಿಗರಿವಿಲ್ಲದೆ ಎಂಟು ಸಾವಿರ ರೂಪಾಯಿ ಮಾಯವಾಯಿತು. ಬ್ಯಾಂಕಿಗೆ ಹೋದರೆ, “ಗುಟ್ಟಿನ ಸಂಖ್ಯೆಯನ್ನು ನೀವೇ ಯಾರಿಗೋ ಹೇಳಿರಬೇಕು” ಎಂದರು. ಕಳೆದುಕೊಂಡವರೇ ಕಳ್ಳರಂತೆ ತಲೆತಗ್ಗಿಸಿ ಹಿಂದಿರುಗಿದರು.

2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯಾದರೋ ಬೇರೆಯೇ ಹೇಳಿತ್ತು. ಗ್ರಾಹಕನ ತಪ್ಪನ್ನು ರುಜುವಾತುಪಡಿಸುವ ಹೊಣೆ ಬ್ಯಾಂಕಿನದು. ವಂಚನೆ ಹೊರಗಿನವರದಾಗಿದ್ದು, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕನಿಗೆ ನಷ್ಟವಿಲ್ಲ. 10 ಕೆಲಸದ ದಿನಗಳಲ್ಲಿ ಹಣ ಖಾತೆಗೆ ಜಮೆಯಾಗಬೇಕು.

ಆದರೆ ಸಂದೇಶ ಬಂದದ್ದು ಇಂಗ್ಲಿಷಿನಲ್ಲಿ! ನಾನು ಊರಿಗೆ ಹೋಗಿ ಓದುವಷ್ಟರಲ್ಲಿ 5 ಕೆಲಸದ ದಿನಗಳು ಕಳೆದಿದ್ದುವು. 4ರಿಂದ 7 ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವನು 10,000 ರೂಪಾಯಿಯವರೆಗಿನ ನಷ್ಟವನ್ನು ತಾನೇ ಹೊರಬೇಕಿತ್ತು. ಲಕ್ಷ ಕಳೆದುಕೊಂಡವನಿಗೆ ತೊಂಬತ್ತು ಸಾವಿರ ಮರಳೀತು. ಎಂಟು ಸಾವಿರ ಕಳೆದುಕೊಂಡ ಬಡವನಿಗೆ ಬಿಡಿಗಾಸೂ ಇಲ್ಲ. ಇದು ಯಾವ ನ್ಯಾಯ?

ಗಡುವು ಬೇಡವೆಂದು ನಾನು ವಾದಿಸುವುದಿಲ್ಲ. ಓದಲಾಗುವ ಭಾಷೆಯಲ್ಲಿ ತಿಳಿಸಿದ ಮೇಲೆ ದಿನಗಳನ್ನು ಎಣಿಸಲಿ, ಅಷ್ಟೇ. ಅಲ್ಲಿಯವರೆಗೆ, ಮಿತ್ರರೆ, ನಾಲ್ಕಕ್ಷರ ಕಲಿತ ನಾವು ನೆರೆಹೊರೆಯವರ ಫೋನುಗಳಿಗೆ ಬಂದ ಸಂದೇಶಗಳನ್ನು ಓದಿ ಹೇಳೋಣ. ವಂಚನೆ ಕಂಡೊಡನೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, 1930ಕ್ಕೂ ಕರೆಮಾಡಿಸೋಣ. ನಮ್ಮ ವಿದ್ಯೆ ಮೊದಲು ನಮ್ಮ ಮನೆಯ ಹೊಸ್ತಿಲಿಗೆ ಉಪಯೋಗವಾಗಲಿ.